ದುಬಾರಿ ಕೀವರ್ಡ್ ಹಿಡಿದು 40 ಲೇಖನ ಬರೆದೆ, ಜನವೇ ಬರಲಿಲ್ಲ. ಎಲ್ಲಿ ತಪ್ಪಾಯಿತು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹೊಲಿಗೆ ಮಷೀನ್ ರಿಪೇರಿ ಬಲ್ಲವನು. ಎರಡು ವರ್ಷದ ಹಿಂದೆ ಒಂದು ವೆಬ್‌ಸೈಟ್ ಶುರು ಮಾಡಿದೆ. ಮನೆಯಲ್ಲೇ ಮಷೀನ್ ಸರಿಮಾಡಿಕೊಳ್ಳುವುದನ್ನು ಕಲಿಸುವ ವಿಡಿಯೋ ಕೋರ್ಸ್ ಮಾರುತ್ತೇನೆ. ಮೊದಲು ರಿಪೇರಿ ಬಗ್ಗೆ ಏಳೆಂಟು ಲೇಖನ ಬರೆದಿದ್ದೆ. ಆಮೇಲೆ ಒಬ್ಬರು "ಜಾಸ್ತಿ ದುಡ್ಡು ಕೊಡುವ ಕೀವರ್ಡ್‌ಗಳು", ಅಂದರೆ ಗೂಗಲ್ ಹುಡುಕಾಟದ ಪದಗಳು, ಅಂತ ಪಟ್ಟಿಯೊಂದನ್ನು ಕೊಟ್ಟರು. ಬರೀ ವಿಮೆ, ಸಾಲ, ವಕೀಲರು ಇಂಥವೇ. ಅದನ್ನು ನೋಡಿ 40 ಲೇಖನ ಬರೆದು, ಸೈಟಿನಲ್ಲಿ ಬೇರೆಯವರ ಜಾಹೀರಾತು ತೋರಿಸಿದರೆ ದುಡ್ಡು ಕೊಡುವ ಗೂಗಲ್‌ನ ಆಡ್‌ಸೆನ್ಸ್ ಹಾಕಿದೆ. ಯಾರೂ ಬರುತ್ತಿಲ್ಲ. ಕೋರ್ಸ್ ಮಾರಲು ಗೂಗಲ್ ಆಡ್ಸ್‌ನಲ್ಲೂ ದುಡ್ಡು ಹಾಕಿದೆ. "ಮಷೀನ್ ರಿಪೇರಿ" ಅನ್ನುವ ಪದಕ್ಕೆ ಹುಡುಕಾಟ ಜಾಸ್ತಿ, ಕಾಂಪಿಟಿಷನ್ "ಕಡಿಮೆ" ಅಂತ ಅದರಲ್ಲೇ ಇರುವ ಕೀವರ್ಡ್ ಪ್ಲಾನರ್ ಅನ್ನುವ ಟೂಲ್ ತೋರಿಸಿತ್ತು. ಕ್ಲಿಕ್ ಬಂದವು, ಮಾರಾಟ ಆಗಲಿಲ್ಲ. ಒಂದೇ ಪದಕ್ಕೆ ಒಂದು ಟೂಲ್ ತಿಂಗಳಿಗೆ 5,000 ಹುಡುಕಾಟ ಅಂದರೆ ಇನ್ನೊಂದು 900 ಅನ್ನುತ್ತದೆ. ಯಾವುದನ್ನು ನಂಬಲಿ? ಲೇಖನದಲ್ಲಿ ಶೇ. 3ರಷ್ಟು ಸಲ ಕೀವರ್ಡ್ ಬರಲೇಬೇಕಂತೆ, ನಿಜವಾ? ಈಗ ಬರುವ ಅಷ್ಟಿಷ್ಟು ಜನ "ಕೆಳಗಡೆ ದಾರ ಗಂಟು ಕಟ್ಟುತ್ತೆ" ಅನ್ನುವ ನನ್ನ ಹಳೇ ಲೇಖನಕ್ಕೆ ಮಾತ್ರ. ಅದರಿಂದ ಏನು ಸಿಗುತ್ತೆ ಬಿಡಿ. ಇದನ್ನೆಲ್ಲ ಬಿಟ್ಟುಬಿಡಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ಏನು ಸಿಗುತ್ತೆ ಬಿಡಿ" ಅಂತ ನೀವು ತಳ್ಳಿಹಾಕಿದ ಆ ಹಳೇ ಲೇಖನದಲ್ಲೇ ನಿಮ್ಮ ಮುಂದಿನ ದಾರಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಎಡವಿದ್ದು ಎಲ್ಲಿ ಅಂತ ನೋಡೋಣ. 40 ಲೇಖನ ಬರೆಯುವುದು ಸಣ್ಣ ಕೆಲಸವಲ್ಲ. ನಿಮ್ಮ ಶ್ರಮದಲ್ಲಿ ಕೊರತೆ ಇರಲಿಲ್ಲ, ನಿಮಗೆ ಸಿಕ್ಕ ಲೆಕ್ಕ ತಪ್ಪಿತ್ತು.

ನಿಮ್ಮ ಚಿಂತೆ ನನಗೆ ಅರ್ಥವಾಗುವುದು ಹೀಗೆ: ಎಲ್ಲೋ ಒಂದು ಸರಿಯಾದ ಪಟ್ಟಿ ಇದೆ, ಅದು ಬೇರೆಯವರಿಗೆ ಸಿಕ್ಕಿದೆ, ನನಗೆ ಸಿಕ್ಕಿಲ್ಲ. ನನ್ನ ಹತ್ತಿರ ಬರುವ ಹೆಚ್ಚಿನವರ ಚಿಂತೆಯೂ ಇದೇ. ಅಂಥ ಪಟ್ಟಿ ಇಲ್ಲ. ಒಂದೇ ಪದ ಒಬ್ಬರಿಗೆ ಲಾಭ ತರುತ್ತದೆ, ಇನ್ನೊಬ್ಬರಿಗೆ ನಷ್ಟ ಮಾಡುತ್ತದೆ. ಅದನ್ನು ಟೈಪ್ ಮಾಡಿದವರಿಗೆ ಏನು ಬೇಕಿತ್ತು? ನಿಮ್ಮ ಹತ್ತಿರ ಅದು ಇದೆಯಾ? ಒಂದು ಮಾರಾಟವಾದರೆ ನಿಮ್ಮ ಕೈಗೆ ಎಷ್ಟು ಉಳಿಯುತ್ತದೆ? ಈ ಮೂರು ಗೊತ್ತಾಗದೆ ಯಾವ ಕೀವರ್ಡ್‌ಗೂ ಬೆಲೆ ಕಟ್ಟಲು ಆಗುವುದಿಲ್ಲ.

ಆ ಪಟ್ಟಿಯಲ್ಲಿದ್ದ ಬೆಲೆ ಯಾರದ್ದು?

ವಿಮೆ, ಸಾಲ, ವಕೀಲರು ಅನ್ನುವ ಪದಗಳಿಗೆ ಕ್ಲಿಕ್ಕಿನ ಬೆಲೆ ಜಾಸ್ತಿ ಅನ್ನುವುದು ನಿಜ. ಒಬ್ಬ ಗ್ರಾಹಕ ಸಿಕ್ಕರೆ ಆ ವ್ಯವಹಾರದವರಿಗೆ ದೊಡ್ಡ ಮೊತ್ತ ಬರುತ್ತದೆ, ಹಾಗಾಗಿ ಒಂದು ಕ್ಲಿಕ್ಕಿಗೆ ಅಷ್ಟು ಕೊಡಲು ಅವರು ತಯಾರಿರುತ್ತಾರೆ. ಆದರೆ ಕೀವರ್ಡ್ ಪ್ಲಾನರ್‌ನಲ್ಲಿ ಕಾಣುವ ಆ ಬೆಲೆ ಗೂಗಲ್ ಹುಡುಕಾಟದ ಪುಟದಲ್ಲಿ ಜಾಹೀರಾತು ಹಾಕುವವರು ಕೊಡುವುದು. ನಿಮ್ಮ ಲೇಖನದ ನಡುವೆ ಆಡ್‌ಸೆನ್ಸ್ ತೋರಿಸುವ ಜಾಹೀರಾತಿಗೆ ಆ ಬೆಲೆ ಸಿಗುವುದಿಲ್ಲ. ಹುಡುಕಾಟದ ಪುಟದಲ್ಲಿ ಇರುವವರು ಅದೇ ಬೇಕು ಅಂತ ಬಂದವರು. ನಿಮ್ಮ ಪುಟದಲ್ಲಿ ಇರುವವರು ಓದಲು ಬಂದವರು. ಎರಡನೆಯವರಿಗೆ ತೋರಿಸುವ ಜಾಹೀರಾತು ಸಾಮಾನ್ಯವಾಗಿ ತುಂಬಾ ಅಗ್ಗ.

ಇನ್ನೂ ಒಂದಿದೆ. ನಿಮ್ಮ ಪುಟದಲ್ಲಿ ಯಾವ ಜಾಹೀರಾತು ಬರಬೇಕು ಅನ್ನುವುದನ್ನು ನೀವು ಬರೆದ ಪದವೊಂದೇ ತೀರ್ಮಾನಿಸುವುದಿಲ್ಲ. ಓದುಗರು ಯಾವ ದೇಶದಲ್ಲಿದ್ದಾರೆ, ಮೊಬೈಲಾ ಕಂಪ್ಯೂಟರಾ, ಈ ಹಿಂದೆ ಯಾವ ಸೈಟ್‌ಗಳಿಗೆ ಹೋಗಿದ್ದರು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ವಿಮೆಯ ಲೇಖನದ ನಡುವೆ ಚಪ್ಪಲಿಯ ಜಾಹೀರಾತು ಬರಬಹುದು. ಮೇಲಾಗಿ 2024ರ ಆರಂಭದಿಂದ ಆಡ್‌ಸೆನ್ಸ್ ಕ್ಲಿಕ್ಕಿನ ಲೆಕ್ಕ ಬಿಟ್ಟು, ಜಾಹೀರಾತು ಎಷ್ಟು ಸಲ ಕಾಣಿಸಿತು ಅನ್ನುವ ಲೆಕ್ಕದಲ್ಲಿ ದುಡ್ಡು ಕೊಡುತ್ತಿದೆ. "ಒಂದೇ ಒಂದು ದುಬಾರಿ ಕ್ಲಿಕ್ ಬಿದ್ದರೆ ಸಾಕು" ಅನ್ನುವ ಹಳೇ ಸಲಹೆ ಈಗ ಕೆಲಸಕ್ಕೆ ಬಾರದು. ಜನ ಬರದಿದ್ದರೆ ತೋರಿಸಲು ಯಾರೂ ಇಲ್ಲ, ಅಷ್ಟೇ.

ಜನ ಯಾಕೆ ಬರಲಿಲ್ಲ ಅನ್ನುತ್ತೀರಾ? ಹಣ, ಆರೋಗ್ಯ, ಕಾನೂನು ಇಂಥ ವಿಷಯಗಳಲ್ಲಿ ತಪ್ಪು ಮಾಹಿತಿ ಓದಿದವರ ಬದುಕಿಗೇ ಪೆಟ್ಟು ಬೀಳುತ್ತದೆ. ಅದಕ್ಕೇ ಅಲ್ಲಿ ನಂಬಿಕೆಗೆ ಗೂಗಲ್ ಬಹಳ ತೂಕ ಕೊಡುತ್ತದೆ. ಫಲಿತಾಂಶಗಳ ಗುಣಮಟ್ಟ ನೋಡುವ ತನ್ನ ಪರೀಕ್ಷಕರ ಮಾರ್ಗಸೂಚಿಗೆ 2022ರ ಡಿಸೆಂಬರ್‌ನಲ್ಲಿ "ಅನುಭವ" ಅನ್ನುವ ಅಂಶವನ್ನೂ ಸೇರಿಸಿತು. ಬರೆದವರು ಆ ಕೆಲಸವನ್ನು ಕೈಯಾರೆ ಮಾಡಿದ್ದಾರಾ ಅಂತ ನೋಡುವುದು ಇದರ ಉದ್ದೇಶ. ನೀವು ಮಷೀನ್ ಬಿಚ್ಚಿ ಜೋಡಿಸಿದವರು. ಸಾಲದ ಬಗ್ಗೆ ಬರೆದಾಗ ನಿಮ್ಮ ಹತ್ತಿರ ಹೇಳಲು ಸ್ವಂತದ್ದು ಏನಿತ್ತು? ಬೇರೆ ಹತ್ತು ಕಡೆ ಇದ್ದದ್ದನ್ನೇ ಹನ್ನೊಂದನೇ ಸಲ ಬರೆದಿದ್ದೀರಿ. ಮೊದಲ ಹತ್ತರಲ್ಲಿ ಬ್ಯಾಂಕ್‌ಗಳೇ ಇದ್ದರೆ ಹನ್ನೊಂದನೆಯದನ್ನು ಯಾರು ತೆರೆಯುತ್ತಾರೆ ಹೇಳಿ.

"ಕಾಂಪಿಟಿಷನ್ ಕಡಿಮೆ" ಅಂದರೆ ಏನು?

ಇಲ್ಲಿ ಮೋಸ ಹೋಗದವರೇ ಅಪರೂಪ. ಕೀವರ್ಡ್ ಪ್ಲಾನರ್‌ನಲ್ಲಿ ಕಾಣುವ "ಕಡಿಮೆ, ಮಧ್ಯಮ, ಹೆಚ್ಚು" ಜಾಹೀರಾತುದಾರರ ನಡುವಿನ ಪೈಪೋಟಿಯನ್ನು ಹೇಳುತ್ತದೆ. ಲೇಖನ ಬರೆದು ಮೇಲೆ ಬರುವುದು ಸುಲಭವೋ ಕಷ್ಟವೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಜಾಹೀರಾತು ಹಾಕುವವರು ಯಾಕೆ ಕಡಿಮೆ ಇದ್ದಾರೆ ಅಂತಲೂ ಕೇಳಿಕೊಳ್ಳಬೇಕು. ಕೆಲವೊಮ್ಮೆ ಯಾರೂ ಗಮನಿಸದ ಒಳ್ಳೇ ಅವಕಾಶ ಇರುತ್ತದೆ. ಎಷ್ಟೋ ಸಲ ಎಲ್ಲರೂ ದುಡ್ಡು ಹಾಕಿ, ಮಾರಾಟ ಆಗದೆ ಬಿಟ್ಟುಹೋಗಿರುತ್ತಾರೆ.

ಇನ್ನು 5,000 ಮತ್ತು 900ರ ಗೊಂದಲ. ಎರಡೂ ಅಂದಾಜು. ಪ್ಲಾನರ್ ತೋರಿಸುವುದು ಹನ್ನೆರಡು ತಿಂಗಳ ಸರಾಸರಿ, ಅದೂ ದುಂಡು ಮಾಡಿದ ಸಂಖ್ಯೆ. ಹೆಚ್ಚುಕಮ್ಮಿ ಒಂದೇ ಥರದ ಪದಗಳನ್ನು ಅದು ಒಟ್ಟಿಗೆ ಸೇರಿಸಿ ಎಣಿಸುತ್ತದೆ. ಜಾಹೀರಾತಿಗೆ ಅಷ್ಟಾಗಿ ಖರ್ಚು ಮಾಡದ ಖಾತೆಗಳಿಗೆ "1 ಸಾವಿರದಿಂದ 10 ಸಾವಿರ" ಅನ್ನುವಂಥ ಅಗಲವಾದ ಅಂದಾಜು ಮಾತ್ರ ಕೊಡುತ್ತದೆ. ಬೇರೆ ಕಂಪನಿಗಳ ಟೂಲ್‌ಗಳು ತಮ್ಮದೇ ಮೂಲಗಳಿಂದ ತಮ್ಮದೇ ರೀತಿಯಲ್ಲಿ ಲೆಕ್ಕ ಕಟ್ಟುತ್ತವೆ. ಆದ್ದರಿಂದ ಒಂದು ಟೂಲ್‌ನ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಒಂದನ್ನೇ ಹಿಡಿದು, ಅದರೊಳಗೆ ಈ ಪದ ದೊಡ್ಡದಾ ಆ ಪದ ದೊಡ್ಡದಾ ಅಂತ ನೋಡಿ. ಅಷ್ಟಕ್ಕೆ ಅದು ಸಾಕು.

ಟೂಲ್‌ನಲ್ಲಿ "ಸೊನ್ನೆ" ಅಂತ ಬಂದ ಪದವನ್ನೂ ಎಸೆಯಬೇಡಿ. ತನ್ನಲ್ಲಿ ಪ್ರತಿದಿನ ನಡೆಯುವ ಹುಡುಕಾಟಗಳಲ್ಲಿ ಸುಮಾರು ಶೇ. 15ರಷ್ಟು ಹಿಂದೆಂದೂ ಬಾರದಂಥವು ಎಂದು ಗೂಗಲ್ ಹಲವು ವರ್ಷಗಳಿಂದ ಹೇಳುತ್ತಿದೆ. ಅವು ಯಾವ ಟೂಲ್‌ನ ಪಟ್ಟಿಯಲ್ಲೂ ಇರಲು ಸಾಧ್ಯವಿಲ್ಲ, ಅಲ್ವಾ?

ನಿಮ್ಮ ಜಾಹೀರಾತಿನ ದುಡ್ಡು ಎಲ್ಲಿ ಹೋಯಿತು?

ಖಾತೆ ನೋಡದೆ ಖಚಿತವಾಗಿ ಹೇಳಲಾರೆ. ಆದರೆ "ಮಷೀನ್ ರಿಪೇರಿ" ಅನ್ನುವ ಪದ ನೋಡಿದ ಕೂಡಲೇ ನನಗೆ ವಾಷಿಂಗ್ ಮಷೀನ್ ಕಣ್ಣಿಗೆ ಬಂತು. ಬ್ರಾಡ್ ಮ್ಯಾಚ್‌ನಲ್ಲಿ, ಅಂದರೆ ಆ ಪದಕ್ಕೆ ಸಂಬಂಧವಿರುವ ಹುಡುಕಾಟಗಳಿಗೂ ಜಾಹೀರಾತು ತೋರಿಸುವ ಬಗೆಯಲ್ಲಿ, ಹಾಕಿದ್ದರೆ ಬಟ್ಟೆ ಒಗೆಯುವ ಮಷೀನ್ ಕೆಟ್ಟವರೂ ನಿಮ್ಮ ಜಾಹೀರಾತು ಒತ್ತಿರುತ್ತಾರೆ. ಮಷೀನ್ ತಂದುಕೊಟ್ಟರೆ ರಿಪೇರಿ ಮಾಡಿಕೊಡುವವರನ್ನು ಹುಡುಕುತ್ತಿದ್ದವರೂ ಒತ್ತಿರುತ್ತಾರೆ. ಅವರಲ್ಲಿ ಯಾರಿಗೂ ಕೋರ್ಸ್ ಬೇಕಿರಲಿಲ್ಲ.

ನಾನೂ ಈ ಕೆಲಸದ ಮೊದಲ ವರ್ಷಗಳಲ್ಲಿ ಇದೇ ತಪ್ಪು ಮಾಡಿದ್ದೇನೆ. ಕನ್ನಡಕದ ಫ್ರೇಮ್ ಮಾರುವವರೊಬ್ಬರು ಜಾಹೀರಾತು ನೋಡಿಕೊಳ್ಳಲು ಕೊಟ್ಟಿದ್ದರು. ಹುಡುಕಾಟ ಜಾಸ್ತಿ ಇದೆ ಅಂತ "ಗ್ಲಾಸ್" ಅನ್ನುವ ಪದವನ್ನು ಬ್ರಾಡ್ ಮ್ಯಾಚ್‌ನಲ್ಲಿ ಹಾಕಿದೆ. ಕುಡಿಯುವ ಲೋಟ ಹುಡುಕುವವರು, ಕಿಟಕಿಯ ಗಾಜು ಹುಡುಕುವವರು ಎಲ್ಲರೂ ಬಂದರು. ಎರಡು ವಾರ ನಾನು ಕ್ಲಿಕ್ಕಿನ ಸಂಖ್ಯೆ ನೋಡಿ ಖುಷಿಪಟ್ಟಿದ್ದೆ. ಜನ ನಿಜವಾಗಿ ಏನು ಟೈಪ್ ಮಾಡಿದ್ದರು ಅಂತ ತೆರೆದು ನೋಡಿದ ದಿನ ನಿದ್ದೆ ಬರಲಿಲ್ಲ. ಅವರ ದುಡ್ಡು ಅದು. ಅಂದಿನಿಂದ ಹೊಸ ಜಾಹೀರಾತು ಶುರುವಾದ ಮೊದಲ ವಾರ ಪ್ರತಿದಿನ ಸರ್ಚ್ ಟರ್ಮ್ಸ್ ವರದಿ ನೋಡದೆ ಇರುವುದಿಲ್ಲ.

ನೀವೂ ಇವತ್ತೇ ಅದನ್ನು ತೆರೆಯಿರಿ. ಕೀವರ್ಡ್ ಅಂದರೆ ನೀವು ಹಾಕಿದ ಬಲೆ, ಸರ್ಚ್ ಟರ್ಮ್ ಅಂದರೆ ಅದರಲ್ಲಿ ಸಿಕ್ಕಿದ್ದು. "ಎಕ್ಸಾಕ್ಟ್ ಮ್ಯಾಚ್ ಹಾಕಿದ್ದೇನೆ, ಹಾಕಿದ ಪದಕ್ಕೆ ಮಾತ್ರ ಜಾಹೀರಾತು ಬರುತ್ತದೆ, ಭಯ ಇಲ್ಲ" ಅನ್ನಬೇಡಿ. 2018ರಿಂದ ಎಕ್ಸಾಕ್ಟ್ ಮ್ಯಾಚ್ ಕೂಡ ಅದೇ ಅರ್ಥ ಕೊಡುವ ಬೇರೆ ಪದಗಳಿಗೆ ಹೊಂದಿಕೊಳ್ಳುತ್ತದೆ. ಬೇಡದ ಪದಗಳನ್ನು ನೆಗೆಟಿವ್ ಕೀವರ್ಡ್ ಆಗಿ ಸೇರಿಸಿ: ವಾಷಿಂಗ್, ಉಚಿತ, ಉದ್ಯೋಗ, ಸೆಕೆಂಡ್ ಹ್ಯಾಂಡ್. ಒಂದು ಎಚ್ಚರಿಕೆ, ನೆಗೆಟಿವ್ ಪದ ತನ್ನ ಸಮಾನ ಅರ್ಥದ ಪದಗಳನ್ನು ತಡೆಯುವುದಿಲ್ಲ. "ಉಚಿತ" ಹಾಕಿದರೆ "ಫ್ರೀ" ನಿಲ್ಲುವುದಿಲ್ಲ, ಅದನ್ನೂ ಬೇರೆಯಾಗಿ ಹಾಕಬೇಕು.

ಈಗ ಲೆಕ್ಕ. ದಯವಿಟ್ಟು ಇದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಯಾಕೆಂದರೆ "ಲಾಭದ ಕೀವರ್ಡ್" ಅನ್ನುವ ಮಾತಿಗೆ ಅರ್ಥ ಬರುವುದು ಇಲ್ಲಿ. ಒಂದು ಕೋರ್ಸ್ ಮಾರಿದರೆ ಎಲ್ಲ ಖರ್ಚು ಕಳೆದು ನಿಮಗೆ 600 ಉಳಿಯುತ್ತದೆ ಅಂದುಕೊಳ್ಳಿ. ಪುಟಕ್ಕೆ ಬಂದ 100 ಜನರಲ್ಲಿ ಇಬ್ಬರು ಕೊಳ್ಳುತ್ತಾರೆ ಅಂದುಕೊಳ್ಳಿ. ಆಗ 100 ಕ್ಲಿಕ್ಕಿಗೆ 1,200 ಬಂತು, ಅಂದರೆ ಒಂದು ಕ್ಲಿಕ್ಕಿಗೆ 12. ಇದು ನಿಮ್ಮ ಗಡಿ. 12 ಕೊಟ್ಟರೆ ಸಮ, 7 ಕೊಟ್ಟರೆ ಲಾಭ, 15 ಕೊಟ್ಟರೆ ಪ್ರತಿ ಕ್ಲಿಕ್ಕಿಗೂ ಕೈಯಿಂದ ಹೋಗುತ್ತದೆ. ಪ್ಲಾನರ್‌ನಲ್ಲಿ ಪುಟದ ಮೇಲ್ಭಾಗದ ಬಿಡ್‌ಗೆ, ಅಂದರೆ ಅಲ್ಲಿ ಕಾಣಲು ಜಾಹೀರಾತುದಾರರು ಒಂದು ಕ್ಲಿಕ್ಕಿಗೆ ಕೂಗುವ ಬೆಲೆಗೆ, ಕಡಿಮೆ ಮತ್ತು ಹೆಚ್ಚು ಅಂತ ಎರಡು ಸಂಖ್ಯೆ ಇರುತ್ತವೆ. ನಿಮ್ಮ ಗಡಿ ಆ ಎರಡರ ನಡುವೆ ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ಕಡಿಮೆ ಸಂಖ್ಯೆಗಿಂತಲೂ ಕೆಳಗಿದ್ದರೆ ಆ ಪದ ಎಷ್ಟೇ ಚೆನ್ನಾಗಿ ಕಂಡರೂ ಸದ್ಯಕ್ಕೆ ನಿಮ್ಮದಲ್ಲ. ಗಡಿಯನ್ನು ಮೇಲೆತ್ತಲು ಎರಡೇ ದಾರಿ: ಒಂದು ಮಾರಾಟದಲ್ಲಿ ಹೆಚ್ಚು ಉಳಿಯುವಂತೆ ಮಾಡುವುದು, ಇಲ್ಲವೇ ಬಂದವರಲ್ಲಿ ಹೆಚ್ಚು ಜನ ಕೊಳ್ಳುವಂತೆ ಪುಟವನ್ನು ಸುಧಾರಿಸುವುದು. ಪುಟ ಸುಧಾರಿಸಿದರೆ ಇನ್ನೊಂದು ಉಪಯೋಗ ಇದೆ. ಗೂಗಲ್ ಹರಾಜಿನಲ್ಲಿ ಬರೀ ಬಿಡ್ ನೋಡುವುದಿಲ್ಲ, ಜಾಹೀರಾತು ಮತ್ತು ಪುಟ ಎಷ್ಟು ಹೊಂದುತ್ತವೆ ಅನ್ನುವುದನ್ನೂ ನೋಡುತ್ತದೆ. ಚೆನ್ನಾಗಿ ಹೊಂದಿದರೆ ಕಡಿಮೆ ಬಿಡ್‌ನಲ್ಲೂ ಮೇಲೆ ಬರಬಹುದು.

ಹಾಗಾದರೆ ಎಷ್ಟು ಕ್ಲಿಕ್ ನೋಡಿ ಒಂದು ಪದವನ್ನು ಕೈಬಿಡಬೇಕು? ಹತ್ತು ಕ್ಲಿಕ್ ಆಯ್ತು, ಮಾರಾಟ ಇಲ್ಲ, ಪದ ಸರಿಯಿಲ್ಲ ಅಂತ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ. ನಿಜಕ್ಕೂ 100ಕ್ಕೆ ಇಬ್ಬರು ಕೊಳ್ಳುವ ಪದವಾದರೂ ಮೊದಲ ಹತ್ತು ಕ್ಲಿಕ್ಕಿನಲ್ಲಿ ಒಂದೂ ಮಾರಾಟ ಆಗದೆ ಇರುವ ಸಾಧ್ಯತೆ ಶೇ. 80ಕ್ಕಿಂತ ಜಾಸ್ತಿ. 50 ಕ್ಲಿಕ್ ಆದಮೇಲೂ ಅದು ಶೇ. 36ರಷ್ಟು ಇರುತ್ತದೆ. 150 ಕ್ಲಿಕ್ ದಾಟಿದ ಮೇಲೂ ಒಂದೂ ಮಾರಾಟ ಇಲ್ಲ ಅಂದರೆ ಮಾತ್ರ, ಬಹುತೇಕ, ಆ ಪದಕ್ಕೆ ನೀವು ಅಂದುಕೊಂಡ ಶಕ್ತಿ ಇಲ್ಲ ಅನ್ನಬಹುದು. ಅಂದರೆ ಒಂದು ಪದವನ್ನು ನ್ಯಾಯವಾಗಿ ಪರೀಕ್ಷಿಸಲು 150 ಕ್ಲಿಕ್ಕಿನ ದುಡ್ಡು ಬೇಕು. 30 ಪದಗಳಿಗೆ ಹಂಚಿ ಹಾಕಿದರೆ ಯಾವುದರ ಬಗ್ಗೆಯೂ ಏನೂ ತಿಳಿಯುವುದಿಲ್ಲ. ಮೂರೋ ನಾಲ್ಕೋ ಪದ ಹಿಡಿಯಿರಿ. ಆದರೆ ಸರ್ಚ್ ಟರ್ಮ್ಸ್‌ನಲ್ಲಿ ವಾಷಿಂಗ್ ಮಷೀನ್ ಕಂಡರೆ 150ರ ತನಕ ಕಾಯಬೇಡಿ, ಅದನ್ನು ಆಗಲೇ ತೆಗೆಯಿರಿ.

ದಾರದ ಗಂಟಿಗೆ ಬರೋಣ

ನಿಮ್ಮ ಹಳೇ ಲೇಖನಕ್ಕೆ ಯಾಕೆ ಜನ ಬರುತ್ತಾರೆ ಅಂತ ಯೋಚಿಸಿದ್ದೀರಾ? ಬಟ್ಟೆಯ ಕೆಳಗಡೆ ದಾರ ಗಂಟು ಕಟ್ಟಿದರೆ ಎಲ್ಲರೂ ಕೆಳಗಿನ ದಾರ ಸುತ್ತಿರುವ ಬಾಬಿನ್ ಮೇಲೆ ಅನುಮಾನ ಪಡುತ್ತಾರೆ. ಹೆಚ್ಚಿನ ಸಲ ತಪ್ಪು ಇರುವುದು ಮೇಲಿನ ದಾರದಲ್ಲಿ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹುಡುಕುವವರಿಗೆ ಅದು ಗೊತ್ತಿಲ್ಲ. ಗೊತ್ತಿದ್ದರೆ ಹುಡುಕುತ್ತಲೇ ಇರಲಿಲ್ಲ. ಅವರು "ಮೇಲಿನ ದಾರದ ಟೆನ್ಷನ್ ಹೊಂದಿಸುವುದು" ಅಂತ ಟೈಪ್ ಮಾಡುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಟೈಪ್ ಮಾಡುತ್ತಾರೆ: ಗಂಟು ಕಟ್ಟುತ್ತೆ, ಸೂಜಿ ಮುರಿಯುತ್ತೆ, ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ.

ನನ್ನ ಅನುಭವದಲ್ಲಿ ಕೀವರ್ಡ್ ಹುಡುಕುವ ಕೆಲಸದ ಜೀವಾಳ ಇದೇ. ಬಲ್ಲವರು ಕಾರಣದ ಹೆಸರು ಹೇಳುತ್ತಾರೆ, ಹುಡುಕುವವರು ತೊಂದರೆಯ ಹೆಸರು ಹೇಳುತ್ತಾರೆ. ಟೂಲ್‌ಗೆ ನೀವು ಬಲ್ಲವರ ಪದ ಕೊಟ್ಟರೆ ಅದು ಅಂಥದೇ ಪದಗಳನ್ನು ವಾಪಸ್ ಕೊಡುತ್ತದೆ. ನಿಮ್ಮ ಹತ್ತಿರ ಮಷೀನ್ ತಂದವರು ಮೊದಲ ಸಲ ಬಾಯಿಬಿಟ್ಟು ಏನು ಹೇಳಿದರು, ಅದನ್ನು ಅವರ ಮಾತಿನಲ್ಲೇ ಬರೆದಿಡಿ. 50 ಸಾಲು ಸಿಗುತ್ತದೆ. ಯಾವ ಟೂಲ್‌ಗೂ ದುಡ್ಡು ಕೊಡದೆ ಸಿಗುವ, ಬೇರೆ ಯಾರ ಹತ್ತಿರವೂ ಇಲ್ಲದ ಪಟ್ಟಿ ಅದು.

ಆ ಸಾಲುಗಳನ್ನು ಒಂದೊಂದಾಗಿ ಗೂಗಲ್‌ನಲ್ಲಿ ಹಾಕಿ. ಟೈಪ್ ಮಾಡುವಾಗ ಕೆಳಗೆ ಏನೇನು ಸಲಹೆ ಬರುತ್ತದೆ ನೋಡಿ. ಮೊದಲ ಪುಟದಲ್ಲಿ ಏನಿದೆ ನೋಡಿ. ಬರೀ ವಿಡಿಯೋಗಳೇ ಇದ್ದರೆ ಜನರಿಗೆ ನೋಡಿ ಕಲಿಯುವುದು ಬೇಕು. ಅಂಗಡಿಗಳೇ ಇದ್ದರೆ ಕೊಳ್ಳುವುದು ಬೇಕು. 2002ರಲ್ಲಿ ಆಂಡ್ರೇ ಬ್ರೋಡರ್ ಎಂಬ ಸಂಶೋಧಕರು ಹುಡುಕಾಟಗಳನ್ನು ಮೂರಾಗಿ ವಿಂಗಡಿಸಿದರು: ಒಂದು ನಿರ್ದಿಷ್ಟ ಸೈಟಿಗೆ ಹೋಗುವುದು, ಮಾಹಿತಿ ತಿಳಿಯುವುದು, ಏನಾದರೂ ಕೆಲಸ ಮುಗಿಸುವುದು. ಇವತ್ತಿಗೂ ನಾನು ಯಾವ ಪದ ನೋಡಿದರೂ ಮೊದಲು ಈ ಮೂರರಲ್ಲಿ ಯಾವುದು ಅಂತ ಕೇಳಿಕೊಳ್ಳುತ್ತೇನೆ. "ದಾರ ಗಂಟು ಕಟ್ಟುತ್ತೆ" ಎರಡನೆಯದು. "ಹೊಲಿಗೆ ಮಷೀನ್ ರಿಪೇರಿ ಕೋರ್ಸ್" ಮೂರನೆಯದು. ಮೊದಲನೆಯ ಬಗೆಯದಕ್ಕೆ, ಅಂದರೆ ಬೇರೊಬ್ಬರ ಹೆಸರು ಟೈಪ್ ಮಾಡಿ ಹುಡುಕುವುದಕ್ಕೆ, ನೀವು ಹೋಗಬೇಡಿ.

ಮುಂದೆ ಏನು ಮಾಡಬಹುದು?

ಮೂರು ದಾರಿ ಇದೆ, ಮೂರರಲ್ಲೂ ಅಪಾಯ ಇದೆ. ದುಬಾರಿ ಪದಗಳ ಹಿಂದೆಯೇ ಹೋಗುವುದು ಒಂದು. ಇದನ್ನು ನಾನು ಬೇಡ ಅನ್ನುತ್ತೇನೆ. ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ಬರೀ ರ‍್ಯಾಂಕ್‌ಗಾಗಿ ರಾಶಿ ಹಾಕುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಸ್ಪಷ್ಟವಾಗಿ ಸೇರಿಸಿದೆ. ಇನ್ನೂ 40 ಬರೆದರೆ ಒಳ್ಳೇ ಲೇಖನಗಳಿಗೂ ಪೆಟ್ಟು ಬೀಳಬಹುದು.

ಎರಡನೆಯದು, ಕೊಳ್ಳುವ ಪದಗಳಿಗೆ ಮಾತ್ರ ಜಾಹೀರಾತು. ಬೇಗ ಉತ್ತರ ಸಿಗುತ್ತದೆ. ಆದರೆ ಅಂಥ ಪದಗಳಿಗೆ ಹುಡುಕಾಟ ಕಡಿಮೆ, ದುಡ್ಡು ನಿಲ್ಲಿಸಿದ ದಿನವೇ ಜನವೂ ನಿಲ್ಲುತ್ತಾರೆ.

ಮೂರನೆಯದು ತೊಂದರೆಯ ಪದಗಳಿಗೆ ಲೇಖನ ಬರೆದು, ಅಲ್ಲಿಂದ ಕೋರ್ಸ್‌ಗೆ ದಾರಿ ಮಾಡುವುದು. ಇದು ನಿಧಾನ. ತಿಂಗಳುಗಟ್ಟಲೆ ಏನೂ ಕಾಣದೆ ಇರಬಹುದು. ಈಗ ಗೂಗಲ್ ಪುಟದ ಮೇಲ್ಭಾಗದಲ್ಲಿ ಎಐ ಉತ್ತರವನ್ನೂ ಕೊಡುತ್ತದೆ. "ಸೂಜಿ ನಂಬರ್ ಅಂದರೇನು" ಇಂಥ ಒಂದು ಸಾಲಿನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿ, ನಿಮ್ಮ ಸೈಟಿಗೆ ಯಾರೂ ಬರದೆ ಇರಬಹುದು. ಆದ್ದರಿಂದ ಒಂದು ಸಾಲಿನಲ್ಲಿ ಮುಗಿಯದ, ಕೈಯಿಂದ ಮಾಡಿ ತೋರಿಸಬೇಕಾದ ತೊಂದರೆಗಳನ್ನೇ ಆರಿಸಿ. ನಾನಾಗಿದ್ದರೆ ಜಾಸ್ತಿ ಸಮಯವನ್ನು ಇದಕ್ಕೆ ಕೊಡುತ್ತಿದ್ದೆ, ಜೊತೆಗೆ ಸಣ್ಣ ಮೊತ್ತದಲ್ಲಿ ಎರಡನೆಯದನ್ನು ಪರೀಕ್ಷಿಸುತ್ತಿದ್ದೆ. ಜಾಹೀರಾತಿನಲ್ಲಿ ಯಾವ ಪದ ಮಾರಾಟ ತರುತ್ತದೆ ಅಂತ ತಿಳಿದರೆ, ಯಾವ ಲೇಖನ ಬರೆಯಬೇಕು ಅನ್ನುವುದೂ ತಿಳಿಯುತ್ತದೆ.

ಟೂಲ್‌ಗೆ ಈಗಲೇ ದುಡ್ಡು ಕೊಡಬೇಡಿ. ನಿಮ್ಮ ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತ, ಅದರಲ್ಲಿ 16 ತಿಂಗಳ ಹಿಂದಿನ ತನಕದ ಮಾಹಿತಿ ಇರುತ್ತದೆ, ಮತ್ತು ಅದು ನಿಮ್ಮ ಸೈಟಿನದೇ ಲೆಕ್ಕ. ನಿಮ್ಮ ಪುಟ 8ರಿಂದ 20ನೇ ಸ್ಥಾನದಲ್ಲಿ ಕಾಣುತ್ತಿರುವ ಪದಗಳನ್ನು ಹುಡುಕಿ. ಅಲ್ಲಿ ಗೂಗಲ್ ನಿಮ್ಮನ್ನು ಆಗಲೇ ಅರ್ಧ ಒಪ್ಪಿದೆ. ಹೊಸ ಲೇಖನಕ್ಕಿಂತ ಅದನ್ನು ತಿದ್ದಿ ಬೆಳೆಸುವುದು ಸುಲಭ. ಆಮೇಲೆ ಬೇಕೆನಿಸಿದರೆ ಆಹ್ರೆಫ್ಸ್ ಅಥವಾ ಸೆಮ್‌ರಶ್ ಒಂದು ತಿಂಗಳಿಗೆ ತೆಗೆದುಕೊಳ್ಳಿ. ಆಹ್ರೆಫ್ಸ್ ಕೊಡುವ "ಡಿಫಿಕಲ್ಟಿ" ಅಂಕ ಮೊದಲ ಹತ್ತು ಪುಟಗಳಿಗೆ ಬೇರೆ ಎಷ್ಟು ಸೈಟ್‌ಗಳು ಲಿಂಕ್ ಕೊಟ್ಟಿವೆ ಅನ್ನುವುದರ ಮೇಲೆ ನಿಂತಿದೆ. ಲೇಖನ ಚೆನ್ನಾಗಿದೆಯಾ ಇಲ್ಲವಾ ಅನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ನೀವೇ ಓದಿ ತಿಳಿಯಬೇಕು.

ಶೇ. 3ರ ನಿಯಮ ಸುಳ್ಳು. ಅಂಥ ಅಳತೆ ಗೂಗಲ್‌ನಲ್ಲಿ ಇಲ್ಲ. ಸುಮ್ನೆ ತುರುಕಿದರೆ ಓದುವವರಿಗೆ ಕಿರಿಕಿರಿ, ಅತಿಯಾದರೆ ಅದೇ ಸ್ಪ್ಯಾಮ್ ಆಗುತ್ತದೆ. ಶೀರ್ಷಿಕೆಯಲ್ಲಿ ಮತ್ತು ಮೊದಲ ಸಾಲುಗಳಲ್ಲಿ ತೊಂದರೆಯ ಹೆಸರು ಜನರ ಮಾತಿನಲ್ಲಿ ಇರಲಿ, ಅಷ್ಟು ಸಾಕು.

ಆ 40 ಲೇಖನಗಳನ್ನು ಸರ್ಚ್ ಕನ್ಸೋಲ್‌ನಲ್ಲಿ ಒಂದೊಂದಾಗಿ ನೋಡಿ. ಯಾವುದಕ್ಕಾದರೂ ನಿಜವಾಗಿ ಓದುಗರಿದ್ದರೆ, ಅಥವಾ ಬೇರೆ ಸೈಟಿನಿಂದ ಲಿಂಕ್ ಇದ್ದರೆ ಸದ್ಯ ಇರಲಿ. ಉಳಿದದ್ದನ್ನು ತೆಗೆದುಬಿಡಿ. ತೆಗೆದ ಪುಟಗಳ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಬೇಡಿ. "ಪುಟ ಇಲ್ಲ" ಅಂತ ಬಂದರೆ ತೊಂದರೆ ಏನೂ ಇಲ್ಲ. ಬರೆದದ್ದನ್ನು ಅಳಿಸಲು ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಮೊದಲು ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಂಡು ಆಮೇಲೆ ಅಳಿಸಿ.

ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬೇಡ. ಈ ವಾರ ಜಾಹೀರಾತು ನಿಲ್ಲಿಸಿ, ಆ ದಾರದ ಗಂಟಿನ ಲೇಖನ ತೆರೆಯಿರಿ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್ ಮೇಲೆತ್ತಿ ಮೇಲಿನ ದಾರವನ್ನು ಮೊದಲಿಂದ ಹಾಕುವುದನ್ನು ನಿಮ್ಮ ಕೈ ಕಾಣುವ ಹಾಗೆ ಫೋಟೋ ತೆಗೆದು ಸೇರಿಸಿ. ಹಾಗೆ ಮಾಡಿದಮೇಲೂ ಗಂಟು ನಿಲ್ಲದಿದ್ದರೆ ಇನ್ನೇನು ನೋಡಬೇಕು ಅಂತ ಬರೆಯಿರಿ. ಕೋರ್ಸ್‌ನ ಲಿಂಕ್ ಅಲ್ಲಿ ಹಾಕಿ. ಇದನ್ನೆಲ್ಲ ಮಾಡಿಯೂ ಗಂಟು ಬಿಡದವರು ಅಲ್ಲಿಯ ತನಕ ಓದಿರುತ್ತಾರೆ. ಕೋರ್ಸ್ ಬೇಕಿರುವುದು ಅವರಿಗೆ. ಎರಡು ತಿಂಗಳಾದ ಮೇಲೆ ಆ ಪುಟಕ್ಕೆ ಜನ ಯಾವ ಯಾವ ಮಾತು ಟೈಪ್ ಮಾಡಿ ಬಂದರು ಅಂತ ಸರ್ಚ್ ಕನ್ಸೋಲ್‌ನಲ್ಲಿ ನೋಡಿ ನನಗೆ ಕಳಿಸಿ. ನಿಮ್ಮ ಮುಂದಿನ ಐದು ಲೇಖನಗಳನ್ನು ಅದರಿಂದಲೇ ಆರಿಸೋಣ.